ಎಚ್ಚರವಿರುವ ರೋಗಿಯ ಭಾಷೆ

ಅಡಿಲೇಡಿನ ಬಂಧುಗಳೇ, ಪರ್ತ್ ಮತ್ತು ಬ್ರಿಸ್ಬೇನ್‌ಗಳಿಂದ ಪರದೆಯ ಮೂಲಕ ಸೇರಿರುವ ಸಂಗಾತಿಗಳೇ,

ಉಸಿರಾಟದ ಚರಿತ್ರೆಯಲ್ಲಿ ಈ ಊರಿಗೂ ಒಂದು ಪಾಲಿದೆ. 1937ರ ಪೋಲಿಯೊ ಪಿಡುಗಿನಲ್ಲಿ ಎಡ್ವರ್ಡ್ ಬೋತ್ ಇಲ್ಲಿ ಪ್ಲೈವುಡ್ಡಿನ ಉಸಿರಾಟ ಯಂತ್ರವನ್ನು ಕಟ್ಟಿದರು. ಮರುವರ್ಷ ಲಾರ್ಡ್ ನಫೀಲ್ಡ್ ತಮ್ಮ ಮೋಟಾರು ಕಾರ್ಖಾನೆಯಲ್ಲಿ ಅದನ್ನು ತಯಾರಿಸಿ ಸಾಮ್ರಾಜ್ಯದ ಆಸ್ಪತ್ರೆಗಳಿಗೆ ಉಚಿತವಾಗಿ ಕೊಡುವುದಾಗಿ ಘೋಷಿಸಿದರು. ಸಾಮ್ರಾಜ್ಯದ ದಾನದ ಬಗ್ಗೆ ನನಗೆ ಮೋಹವಿಲ್ಲ. ಆ ಅಗ್ಗದ ಮರದ ಪೆಟ್ಟಿಗೆಯ ಬಗ್ಗೆ ಗೌರವವಿದೆ.

ದೇಹದ ಸುತ್ತಲಿನ ಗಾಳಿಯ ಒತ್ತಡವನ್ನು ತಗ್ಗಿಸಿ ಶ್ವಾಸಕೋಶವನ್ನು ಹಿಗ್ಗಿಸುವುದು ಅದರ ತತ್ವ. ಎದೆಯ ಶಸ್ತ್ರಚಿಕಿತ್ಸೆಯೂ ಒಮ್ಮೆ ಇದೇ ದಾರಿ ಹಿಡಿದಿತ್ತು. 1904ರಲ್ಲಿ ಜರ್ಮನಿಯ ಝೌವರ್‌ಬ್ರುಖ್ ರೋಗಿಯ ತಲೆಯನ್ನು ಹೊರಗಿರಿಸಿ, ಕಡಿಮೆ ಒತ್ತಡದ ಕೋಣೆಯೊಳಗೆ ತಾವೂ ನಿಂತು ಎದೆ ತೆರೆಯುವ ವಿಧಾನವನ್ನು ರೂಪಿಸಿದರು. ತೆರೆದೊಡನೆ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತದೆಂಬುದೇ ಆಗಿನ ಭಯ. ಮುಂದೆ ಎದೆಯ ಶಸ್ತ್ರಚಿಕಿತ್ಸೆಗೆ ಶ್ವಾಸನಾಳದ ಕೊಳವೆ, ವೆಂಟಿಲೇಟರ್ ಬಂದವು.

ಈಗ ಆ ಕುಸಿತವನ್ನೇ ಬಳಸಿಕೊಳ್ಳುವ ವಿಧಾನವಿದೆ. 2004ರಲ್ಲಿ ರೋಮಿನ ಯೂಜೆನಿಯೊ ಪೊಂಪೇಯೊ ತಂಡ, ಬೆನ್ನಿನ ಮೂಲಕ ಎದೆಯ ಭಾಗವನ್ನು ಮರಗಟ್ಟಿಸಿ, ಕೊಳವೆಯಿಲ್ಲದೆ, ಎಚ್ಚರವಿದ್ದ ರೋಗಿಗಳ ಶ್ವಾಸಕೋಶದ ಗಂಟು ತೆಗೆದ ಅನುಭವವನ್ನು ಪ್ರಕಟಿಸಿತು. ಒಂದು ಶ್ವಾಸಕೋಶ ಕುಗ್ಗಿ ವೈದ್ಯರಿಗೆ ಜಾಗ ಬಿಡುತ್ತದೆ. ಇನ್ನೊಂದು ತಾನಾಗಿ ಉಸಿರಾಡುತ್ತದೆ. ಕೊಳವೆಯಿಂದಾಗುವ ಗಂಟಲ ನೋವು ತಪ್ಪುತ್ತದೆ, ಚೇತರಿಕೆ ಬೇಗ. ಆದರೆ ರೋಗಿ ಕೆಮ್ಮಿದರೆ ಕತ್ತಿಯ ಕೆಳಗಿನ ಶ್ವಾಸಕೋಶ ಅಲುಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ರಕ್ತಸ್ರಾವವಾದರೆ, ಮಗ್ಗುಲಾಗಿ ಮಲಗಿದವರಿಗೆ ತುರ್ತಾಗಿ ಕೊಳವೆ ಹಾಕುವುದು ಸುಲಭವಲ್ಲ. ಇದು ಎಲ್ಲರಿಗೂ ಒಗ್ಗುವ ವಿಧಾನವಲ್ಲ. ಹಲವೆಡೆ ಮಂಪರನ್ನೂ ಬರಿಸುತ್ತಾರೆ.

ನಾನು ವೈದ್ಯನಲ್ಲ. ನನ್ನ ಕಳವಳ ಬೇರೆ. ಪೂರ್ಣ ಅರಿವಳಿಕೆಯಲ್ಲಿ ಎಲ್ಲರ ಭಾಷೆಯೂ ಮೌನವೇ. ಎಚ್ಚರವಿದ್ದವರಿಗೆ 'ಕೆಮ್ಮಬೇಡಿ, ನಿಧಾನವಾಗಿ ಉಸಿರೆಳೆಯಿರಿ' ಎಂದು ಯಾವ ಭಾಷೆಯಲ್ಲಿ ಹೇಳುವುದು? ನನ್ನ ಅಮ್ಮನಿಗೆ ಇಲ್ಲಿ ಕಣ್ಣಿನ ಪೊರೆ ತೆಗೆಯುವಾಗ 'ಅಲುಗಬೇಡಿ' ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಯಾರೋ ಕರೆದರೆಂದು ಅಮ್ಮ ಆ ಕಡೆ ತಲೆ ತಿರುಗಿಸಿದರು. ಕಣ್ಣು ಉಳಿಯಿತು. ಎದೆಯ ವಿಷಯದಲ್ಲಿ ಅಷ್ಟು ನಂಬಿಕೆ ನನಗಿಲ್ಲ.

131 450ಕ್ಕೆ ಹಗಲಿರುಳೂ ದುಭಾಷಿಗಳಿಗಾಗಿ ಕರೆ ಮಾಡಬಹುದು. ಆದರೆ 'ಕನ್ನಡ' ಎಂದು ಮುಂಚಿತವಾಗಿ ಒತ್ತಿ ಹೇಳಬೇಕು. ಭಾರತೀಯರಿಗೆ ಹಿಂದಿ ಸಾಕೆಂದು ಊಹಿಸುವವರಿದ್ದಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನವೂ ದುಭಾಷಿ ಇರಲಿ, ಮಗನೋ ಮಗಳೋ ಸಾಲದು. ಅಪಾಯದ ಮಾತು ಬಂದಾಗ ನಾವು ಅರ್ಧ ನುಂಗಿ ಅನುವಾದಿಸುತ್ತೇವೆ. ಅಂದು ನಾನೂ ನುಂಗಿದ್ದೆ.