ಹೆಂಚು ಬರೆದಿಟ್ಟ ಲೆಕ್ಕ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಕೆಲಸದಲ್ಲಿ ಏನಾದ್ರೂ ಕೆಟ್ಟರೆ ಮೊದಲು ಕೇಳೋದು ಒಂದೇ ಪ್ರಶ್ನೆ, "ಲಾಗ್ ಇದೆಯಾ?" ಲಾಗ್ ಇಲ್ಲದಿದ್ರೆ ಮುಂದಿನದೆಲ್ಲ ಊಹೆ. ಇವತ್ತು ನಾನು ಮಾತಾಡ್ತಿರೋದು, ಯಾರೂ ಬೇಕು ಅಂತ ಇಡದ ಒಂದು ಲಾಗ್ ಬಗ್ಗೆ. ಅದು ಇದ್ದದ್ದು ಹಿರೋಶಿಮಾದ ಮನೆಗಳ ಹೆಂಚಿನಲ್ಲಿ.

1945ರ ಆಗಸ್ಟ್ 6ರ ಬೆಳಿಗ್ಗೆ ಅಲ್ಲಿ ಬಾಂಬ್ ಸಿಡಿಯಿತು. ಬದುಕುಳಿದವರ ಹತ್ತಿರ ವಿಕಿರಣ ಅಳೆಯುವ ಸಾಧನ ಇರಲಿಲ್ಲ. 1950ರಿಂದ ಈಚೆಗೆ ಹಿರೋಶಿಮಾ, ನಾಗಸಾಕಿಯ ಸುಮಾರು 1,20,000 ಜನರ ಆರೋಗ್ಯವನ್ನು ಗಮನಿಸುತ್ತಾ ಬಂದಿದ್ದಾರೆ. ಇದರಲ್ಲಿ ಆ ದಿನ ಊರಲ್ಲಿ ಇಲ್ಲದವರೂ ಸೇರಿದ್ದಾರೆ, ಹೋಲಿಕೆಗೆ. ಯಾರಿಗೆ ಯಾವಾಗ ಕ್ಯಾನ್ಸರ್ ಬಂತು ಅನ್ನೋದು ಗೊತ್ತಾಗುತ್ತೆ. ಆದರೆ ಆ ಮನುಷ್ಯನ ಮೈಗೆ ಎಷ್ಟು ವಿಕಿರಣ ತಗುಲಿತ್ತು? ಅದು ಗೊತ್ತಿಲ್ಲದೆ ಇಷ್ಟಕ್ಕೆ ಇಷ್ಟು ಅಪಾಯ ಅಂತ ಹೇಳೋಕೆ ಬರಲ್ಲ. ಎಲ್ಲಿ ನಿಂತಿದ್ರಿ, ನಡುವೆ ಗೋಡೆ ಇತ್ತಾ ಅಂತ ಒಬ್ಬೊಬ್ಬರನ್ನೂ ಕೇಳಿ ಲೆಕ್ಕ ಹಾಕಿದರು. ಆ ಲೆಕ್ಕ ಸರಿಯೋ ತಪ್ಪೋ ನೋಡೋದು ಹೇಗೆ?

ಇಲ್ಲಿ ಬರುತ್ತೆ ಹೆಂಚು. ಹೆಂಚಿನ ಮಣ್ಣಿನಲ್ಲಿ ಬೆಣಚುಕಲ್ಲಿನ, ಅಂದ್ರೆ ಕ್ವಾರ್ಟ್ಜ್‌ನ, ಸಣ್ಣ ಹರಳುಗಳಿರುತ್ತವೆ. ಯಾವ ಹರಳೂ ಪೂರ್ತಿ ದೋಷವಿಲ್ಲದ್ದಲ್ಲ. ವಿಕಿರಣ ತಾಗಿದಾಗ ಎಲೆಕ್ಟ್ರಾನ್‌ಗಳು ಜಾಗ ಬಿಟ್ಟು ಏಳುತ್ತವೆ. ಕೆಲವು ಆ ದೋಷಗಳಲ್ಲಿ, ಗುಳಿಯಲ್ಲಿ ಗೋಲಿ ಬಿದ್ದ ಹಾಗೆ, ಸಿಕ್ಕಿಕೊಳ್ಳುತ್ತವೆ. ಆಳದ ಗುಳಿಯಲ್ಲಿ ಬಿದ್ದವು ಸಾವಿರಾರು ವರ್ಷ ಅಲ್ಲೇ ಇರಬಲ್ಲವು. ಹರಳನ್ನು ಕಾಯಿಸಿದಾಗ ಹೊರಬಂದು, ಹೊರಬರುವಾಗ ಬೆಳಕು ಕೊಡುತ್ತವೆ. ಹೆಚ್ಚು ವಿಕಿರಣ ತಿಂದಿದ್ದರೆ ಹೆಚ್ಚು ಬೆಳಕು. ಇದೇ ಥರ್ಮೋಲ್ಯುಮಿನಿಸೆನ್ಸ್. 1663ರಲ್ಲೇ ರಾಬರ್ಟ್ ಬಾಯ್ಲ್ ಕತ್ತಲಲ್ಲಿ ವಜ್ರವನ್ನು ಮೈಶಾಖಕ್ಕೆ ಹಿಡಿದು ಇಂಥ ಮಿನುಗು ನೋಡಿದ್ದರು. ಅದರಿಂದ ವಿಕಿರಣ ಅಳೆಯೋದು ಶುರುವಾದದ್ದು 1950ರ ದಶಕದಲ್ಲಿ.

ಹೆಂಚನ್ನು ಭಟ್ಟಿಯಲ್ಲಿ ಸುಟ್ಟಾಗ ಹಳೆಯ ಗುಳಿಗಳೆಲ್ಲ ಖಾಲಿ. ಅಲ್ಲಿಂದ ಲೆಕ್ಕ ಸೊನ್ನೆಯಿಂದ ಶುರು. ಆಮೇಲೆ ಮಣ್ಣಿನಲ್ಲೇ ಇರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ವರ್ಷಕ್ಕೆ ಕೆಲವು ಮಿಲಿಗ್ರೇ ಸೇರಿಸ್ತಾ ಹೋಗುತ್ತೆ. ಮಿಲಿಗ್ರೇ ಅಂದ್ರೆ ವಸ್ತು ಹೀರಿಕೊಂಡ ವಿಕಿರಣದ ಅಳತೆ. ಉದಾಹರಣೆಗೆ ವರ್ಷಕ್ಕೆ 3 ಅಂತ ಇಟ್ಟುಕೊಳ್ಳಿ, 60 ವರ್ಷದ ಹೆಂಚಿನಲ್ಲಿ 180. ಒಟ್ಟು ಅಳತೆಯಿಂದ ಅದನ್ನು ಕಳೆದರೆ ಉಳಿದದ್ದು ಬಾಂಬಿನ ಪಾಲು. ಹತ್ತಿರದ ಹೆಂಚಿನಲ್ಲಿ ಬಾಂಬಿನ ಪಾಲು ಸಾವಿರಗಟ್ಟಲೆ ಮಿಲಿಗ್ರೇ, ಹಾಗಾಗಿ ಸುಲಭ. ಎರಡು ಕಿಲೋಮೀಟರ್ ದಾಟಿದರೆ ಅದು ಹಿನ್ನೆಲೆಯಲ್ಲಿ ಮುಳುಗಿಹೋಗುತ್ತೆ. ಬಾಂಬಿನ ನಂತರದ ಬೆಂಕಿಯಲ್ಲಿ ಚೆನ್ನಾಗಿ ಕಾದ ಹೆಂಚೂ ಪ್ರಯೋಜನವಿಲ್ಲ, ಅದರ ಲೆಕ್ಕ ಅಳಿಸಿಹೋಗಿರುತ್ತೆ. ಪ್ರಯೋಗಾಲಯದಲ್ಲೂ ಅಷ್ಟೇ. ಕಾಯಿಸಿ ಓದಿದ ಹರಳು ಖಾಲಿ, ಅದನ್ನು ಎರಡನೇ ಸಲ ಓದೋಕಾಗಲ್ಲ.

ಹೀಗೆ ಹೆಂಚು ಓದಿದ ಜಪಾನಿ ವಿಜ್ಞಾನಿಗಳ ವರದಿ 1963ರಲ್ಲಿ ಪ್ರಕಟವಾಯ್ತು. 1986ರಲ್ಲಿ ಬದುಕುಳಿದವರ ಡೋಸ್ ಲೆಕ್ಕವನ್ನೆಲ್ಲ ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡಿದರು. ಹಿರೋಶಿಮಾದಲ್ಲಿ ನ್ಯೂಟ್ರಾನ್ ಪಾಲು ತೀರಾ ಇಳಿಯಿತು, ದೂರದ ಜಾಗಗಳಲ್ಲಿ ಗಾಮಾ ಪಾಲು ಏರಿತು. ಆ ಗಾಮಾ ಲೆಕ್ಕವನ್ನು ಒರೆಗೆ ಹಚ್ಚಿದ್ದು ಹೆಂಚು, ಇಟ್ಟಿಗೆಗಳ ಅಳತೆ. ಸಿಮ್ಯುಲೇಷನ್ ಬರೆಯೋ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಕೋಡ್ ಎಷ್ಟೇ ಚೆಂದ ಇರಲಿ, ನೆಲದ ಮೇಲಿನ ಒಂದು ಅಳತೆ ಹೌದು ಅನ್ನಬೇಕು.

ಇದು ಜಪಾನಿನ ಕಥೆ ಮಾತ್ರ ಅಲ್ಲ. ಬದುಕುಳಿದವರ ಈ ಅಧ್ಯಯನವನ್ನು ಮುಖ್ಯ ಆಧಾರವಾಗಿಟ್ಟುಕೊಂಡೇ 1990ರಲ್ಲಿ ವಿಕಿರಣದ ಜೊತೆ ಕೆಲಸ ಮಾಡುವವರ ಅಂತರರಾಷ್ಟ್ರೀಯ ಮಿತಿಯನ್ನು ವರ್ಷಕ್ಕೆ 50 ಮಿಲಿಸೀವರ್ಟ್‌ನಿಂದ, ಐದು ವರ್ಷದ ಸರಾಸರಿಯಲ್ಲಿ 20ಕ್ಕೆ ಇಳಿಸಿದ್ದು. ಭಾರತದಲ್ಲೂ ಸರಾಸರಿ ಮಿತಿ 20. ಅದನ್ನು ಕಾಯೋದು ಟಿಎಲ್‌ಡಿ ಬ್ಯಾಡ್ಜ್. ಅದರೊಳಗಿನ ಬಿಲ್ಲೆಗಳಲ್ಲಿ ಇರೋದು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್. ಡಿಸ್ಪ್ರೋಸಿಯಂ ಬಿಟ್ಟರೆ ನಮ್ಮ ಜಿಪ್ಸಂನ ಸಂಬಂಧಿಯೇ. ಕೆಲಸ ಮಾತ್ರ ಹೆಂಚಿನದೇ: ಹಿಡಿದಿಟ್ಟುಕೋ, ಕಾಯಿಸಿದಾಗ ಹೇಳು.

ನನ್ನ ಚಿಕ್ಕಮ್ಮನ ಮಗ ದಾವಣಗೆರೆ ಕಡೆ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಫೋನಿನಲ್ಲಿ ಕೇಳಿದೆ, "ಬ್ಯಾಡ್ಜ್ ಹಾಕ್ಕೋತೀಯೇನೋ?" "ಮೊಳೆಗೆ ನೇತುಹಾಕಿದೀನಿ ಅಣ್ಣ, ಕಳೆದುಹೋದ್ರೆ ದುಡ್ಡು ಕಟ್ಟಿಸ್ಕೋತಾರೆ" ಅಂದ. ಮೂರು ತಿಂಗಳಿಗೊಮ್ಮೆ ಆ ಬ್ಯಾಡ್ಜ್ ಪ್ರಯೋಗಾಲಯಕ್ಕೆ ಹೋಗುತ್ತೆ, ವರದಿಯೂ ಬರುತ್ತೆ. ಆದರೆ ಅದು ಮೊಳೆಯ ವರದಿ, ಅವನದ್ದಲ್ಲ. ಹರಳು ಸುಳ್ಳು ಹೇಳಲ್ಲ, ತಾನಿದ್ದ ಜಾಗದ್ದನ್ನಷ್ಟೇ ಹೇಳುತ್ತೆ. ಅವನಿಗೆ ಇದನ್ನೇ ಹೇಳಿದೆ: ಹಿರೋಶಿಮಾದವರಿಗೆ ಬ್ಯಾಡ್ಜ್ ಇರಲಿಲ್ಲ, ಅದಕ್ಕೇ ಅವರ ಲೆಕ್ಕವನ್ನು ಪಕ್ಕದ ಮನೆಯ ಹೆಂಚಿನಿಂದ ಹುಡುಕಬೇಕಾಯ್ತು. ನಿನಗೆ ಇದೆಯಲ್ಲೋ.

ನಿಮ್ಮ ಮನೆಯಲ್ಲೂ ಎಕ್ಸ್‌ರೇ, ಸಿಟಿ ಸ್ಕ್ಯಾನ್, ಕ್ಯಾಥ್‌ಲ್ಯಾಬ್‌ನಲ್ಲಿ ದುಡಿಯೋ ತಮ್ಮನೋ, ಅಕ್ಕನೋ ಇರಬಹುದು. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಬ್ಯಾಡ್ಜ್ ಎಲ್ಲಿದೆ ಅಂತ ಒಂದು ಮಾತು ಕೇಳಿ. ಎದೆಯ ಮೇಲಿರಬೇಕು, ಸೀಸದ ಏಪ್ರನ್ ಒಳಗೆ.