ಕುರ್ಚಿ ಬಿಡೋಕೆ ಭಯ ಯಾಕೆ?



ಚಾಮರಾಜನಗರ ಅಂದ ತಕ್ಷಣ ನಮ್ಮ ರಾಜಕಾರಣಿಗಳಿಗೆ ನೆನಪಾಗೋದು ಒಂದೇ ವಿಷಯ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅನ್ನೋ ನಂಬಿಕೆ. ಆ ಭಯಕ್ಕೆ ಬಿದ್ದು ವರ್ಷಗಟ್ಟಲೆ ಆ ಊರಿನ ಕಡೆ ತಲೆ ಹಾಕದವರಿದ್ದಾರೆ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮಾತ್ರ ಮತ್ತೆ ಮತ್ತೆ ಹೋಗಿ ಬಂದರು, ಐದು ವರ್ಷವನ್ನೂ ಪೂರೈಸಿದರು. ಮೂಢನಂಬಿಕೆಗೆ ಅದಕ್ಕಿಂತ ಒಳ್ಳೆ ಉತ್ತರ ಬೇಕಾ?

ನಾನೂ ಅದೇ ಜಿಲ್ಲೆಯವನು, ಗುಂಡ್ಲುಪೇಟೆ ಕಡೆಯವನು. ಇವತ್ತು ಹೇಳಹೊರಟಿರೋದು ಇನ್ನೊಂದು ಕುರ್ಚಿಯ ಕತೆ. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಐಟಿ ಕಂಪನಿಯಲ್ಲಿ ನೀವು ದಿನಕ್ಕೆ ಎಂಟೊಂಬತ್ತು ಗಂಟೆ ಕೂರುವ ಕುರ್ಚಿ. ಮುಖ್ಯಮಂತ್ರಿಗಳಿಗೆ ಕುರ್ಚಿ ಹೋಗುತ್ತೆ ಅನ್ನೋ ಭಯ. ನಮಗೆ ಇರಬೇಕಾದ ಭಯ, ಕುರ್ಚಿ ನಮ್ಮನ್ನು ಬಿಡ್ತಾನೇ ಇಲ್ಲವಲ್ಲ ಅನ್ನೋದು.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡ್ತೀನಿ. ಕಳೆದ ಬಾರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಪ್ಪನ ಜೊತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆ. 1,454 ಮೀಟರ್ ಎತ್ತರದ ಬೆಟ್ಟ. ಆದರೆ ನಾವೇನೂ ಹತ್ತಬೇಕಾಗಿಲ್ಲ, ಖಾಸಗಿ ವಾಹನ ಕೆಳಗೇ ನಿಲ್ಲಿಸಿದರೆ ಸರ್ಕಾರಿ ಬಸ್ಸು ಮೇಲೆ ಕರೆದುಕೊಂಡು ಹೋಗುತ್ತೆ. ಬಸ್ಸಿಳಿದ ಮೇಲೆ ದೇವಸ್ಥಾನಕ್ಕೆ ಉಳಿಯೋದು ಮೆಟ್ಟಿಲು ಮಾತ್ರ. ಆ ಮೆಟ್ಟಿಲಲ್ಲೇ ನಾನು ನಿಂತೆ. ಏದುಸಿರು. ಎಪ್ಪತ್ತು ವರ್ಷದ ಅಪ್ಪ ಮೇಲಿಂದ ತಿರುಗಿ ನೋಡಿ, 'ಯಾಕ್ಲಾ ಮಗಾ, ನಿಂತ್ಕಬುಟ್ಟೆ?' ಅಂದರು. ಅರಿಶಿನದ ಹೊಲದಲ್ಲಿ ಜೀವನ ಕಳೆದವರು. ಫಿಟ್ನೆಸ್ ಅನ್ನೋ ಪದವೇ ಅವರಿಗೆ ಬೇಕಾಗಿರಲಿಲ್ಲ. ದಿನಾ ಪರದೆ ಮೇಲೆ ಏರುದನಿಯಲ್ಲಿ ಮಾತಾಡೋ ನನಗೆ ಅವತ್ತು ಅವರಿಗೆ ಉತ್ತರ ಕೊಡೋಕೆ ಉಸಿರೇ ಇರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂದರು ಡಾಕ್ಟರು. ನನಗೆ ವಯಸ್ಸು ಮೂವತ್ತನಾಲ್ಕು.

ಇಲ್ಲಿ ನಾವು ಒಂದು ದಿನವನ್ನು ನೆನಪಿಸಿಕೊಳ್ಳಲೇಬೇಕು. 2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ಹೋದರು. 46 ವರ್ಷ. ಚಾಮರಾಜನಗರದವರಿಗೆ ಅವರು ಬರೀ ನಟ ಆಗಿರಲಿಲ್ಲ. ಡಾ. ರಾಜ್ ಹುಟ್ಟಿದ ಗಾಜನೂರು ನಮ್ಮ ಜಿಲ್ಲೆಯ ಗಡಿಯಾಚೆ ಕೂಗಳತೆಯಲ್ಲಿದೆ. ಅಪ್ಪು ನಮ್ಮ ಜಿಲ್ಲೆಯ ಪ್ರವಾಸೋದ್ಯಮ ರಾಯಭಾರಿ ಆಗಿದ್ದರು, 'ಚೆಲುವ ಚಾಮರಾಜನಗರ' ಅಂತ ನಾಡಿಗೆ ಸಾರಿದವರು. ಮನೆಮಗ ಹೋದ ಹಾಗೆ ಜನ ಅತ್ತರು.

ಆಮೇಲೆ ಏನಾಯಿತು? ಒಂದು ಕಡೆ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನವೋ ಜನ. ಇನ್ನೊಂದು ಕಡೆ, 'ಅಷ್ಟು ಕಸರತ್ತು ಮಾಡಿದ ಅಪ್ಪುಗೇ ಹೀಗಾಯ್ತು, ನಮಗ್ಯಾಕೆ ಬೇಕು ಜಿಮ್ಮು' ಅನ್ನೋ ಮಾತು. ಈ ಭಯ ಬೆಳೆಸಿದ್ದರಲ್ಲಿ ನಮ್ಮ ಟಿವಿಯವರ ಪಾಲೂ ಇದೆ, ನಾನದನ್ನು ಮುಚ್ಚಿಡಲ್ಲ. ಕೆಲವು ವಾರ ಕಳೆದವು. ಆಸ್ಪತ್ರೆಯ ಸಾಲು ಕರಗಿತು. ಜಿಮ್ ಬಿಟ್ಟವರು ಮಾತ್ರ ಬಿಟ್ಟೇ ಬಿಟ್ಟರು, ಒಳ್ಳೇ ನೆಪ ಸಿಕ್ಕಿತಲ್ಲ! ಆ ದಿನದಿಂದ ನಾವು ಕಲಿಯಬೇಕಾಗಿದ್ದದ್ದು, ಭಾರಿ ವ್ಯಾಯಾಮಕ್ಕೆ ಇಳಿಯೋ ಮುಂಚೆ ಡಾಕ್ಟರನ್ನು ಕಾಣಬೇಕು, ಎದೆನೋವನ್ನು ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕಿ ಮನೆಯಲ್ಲಿ ಕೂರಬಾರದು ಅನ್ನೋದನ್ನ. ಇವತ್ತು ಅಪ್ಪು ಹೆಸರಲ್ಲೇ ಸರ್ಕಾರದ 'ಹೃದಯ ಜ್ಯೋತಿ' ಯೋಜನೆ ಇದೆ. ಹೃದಯಾಘಾತಕ್ಕೆ ಮೊದಲ ಗಂಟೆಗಳಲ್ಲಿ ಕೊಡಬೇಕಾದ ದುಬಾರಿ ಇಂಜೆಕ್ಷನ್ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಮೂಲಕ ಉಚಿತವಾಗಿ ಸಿಗಲಿ ಅನ್ನೋದು ಅದರ ಉದ್ದೇಶ. ಕಲಿಯಬೇಕಾದ್ದು ಇದು. ನಾವು ಕಲಿತದ್ದು, ಸುಮ್ಮನೆ ಕೂತರೆ ಕ್ಷೇಮ ಅಂತ.

ಕೂತರೆ ಕ್ಷೇಮವಾ? ಇದನ್ನು 1953ರಲ್ಲೇ ಒಬ್ಬರು ಪರೀಕ್ಷೆ ಮಾಡಿದ್ದಾರೆ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. ಅವರು ಹಿಡಿದದ್ದು ಊರಿನ ಡಬಲ್ ಡೆಕ್ಕರ್ ಬಸ್ಸುಗಳನ್ನು. ಒಂದೇ ಬಸ್ಸು, ಒಂದೇ ರೂಟು. ಡ್ರೈವರ್ ದಿನವಿಡೀ ಕೂತಿರ್ತಾನೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳೀತಾನೆ. ಹೃದ್ರೋಗ ಯಾರಿಗೆ ಹೆಚ್ಚು? ಕೂತ ಡ್ರೈವರ್‌ಗಳಿಗೆ. ಕಂಡಕ್ಟರ್‌ಗಳಿಗೆ ಬರೋದೂ ಕಡಿಮೆ, ಬಂದರೂ ತಡವಾಗಿ. ಆ ಕಂಡಕ್ಟರ್‌ಗಳು ಯಾವ ಜಿಮ್ಮಿಗೂ ದುಡ್ಡು ಕಟ್ಟಿರಲಿಲ್ಲ. ಮಾರಿಸ್ ಅವರೂ ತಮ್ಮ ಮಾತನ್ನು ತಾವೇ ಪಾಲಿಸಿದರು, ವ್ಯಾಯಾಮ ಬಿಡದೆ 99 ವರ್ಷ ಬದುಕಿದರು.

ಈಗ ನನ್ನ ವಯಸ್ಸಿನವರು ಕೇಳ್ತಾರೆ: ಸಾರ್, ಎಲ್ಲಾ ಗೊತ್ತು, ಟೈಮ್ ಎಲ್ಲಿದೆ? ನ್ಯಾಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ ಕನಿಷ್ಠ 150 ನಿಮಿಷ, ಬಿರುಸು ನಡಿಗೆಯಂಥ ಮಧ್ಯಮ ಶ್ರಮ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. 150ನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೊಂದು ನಿಮಿಷ ಚಿಲ್ಲರೆ. ನಮ್ಮ ಒಂದು ಚರ್ಚಾ ಕಾರ್ಯಕ್ರಮದ ಅರ್ಧದಷ್ಟೂ ಇಲ್ಲ. ರೀಲ್ಸ್ ನೋಡೋಕೆ ಸಿಗೋ ಟೈಮು ಕಾಲಿಗೆ ಯಾಕೆ ಸಿಗಲ್ಲ?

ನಿಜವಾದ ಕಷ್ಟ ಟೈಮಿನದ್ದೂ ಅಲ್ಲ, ಉಳಿಸಿಕೊಳ್ಳೋದರದ್ದು. ನಾನೂ ವರ್ಷದ ಫೀಸು ಒಟ್ಟಿಗೆ ಕಟ್ಟಿದೆ, ಹೊಸ ಶೂ ತಗೊಂಡೆ, ಹನ್ನೊಂದು ದಿನ ಹೋದೆ. ಹನ್ನೆರಡನೇ ದಿನ ಚುನಾವಣೆ ಸುದ್ದಿ, ರಾತ್ರಿಯಿಡೀ ಸ್ಟುಡಿಯೋ. ಮಾರನೇ ದಿನ ಆಯಾಸ. ಮೂರನೇ ದಿನ 'ಹೇಗೂ ತಪ್ಪೋಯ್ತಲ್ಲ' ಅಂತ ಮನಸ್ಸು ಹೇಳಿತು. ಮುಗೀತು ಕತೆ. ಅಷ್ಟೂ ದುಡ್ಡು ನೀರಿಗೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ, ಒಂದು ಹೊಸ ರೂಢಿ ಮೈಗೆ ಹತ್ತೋಕೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿದರು. ಬಂದ ಉತ್ತರ ಸುಮಾರು 66 ದಿನ. ಕೆಲವರಿಗೆ 18 ದಿನಕ್ಕೇ ಹತ್ತುತ್ತೆ, ಕೆಲವರಿಗೆ 254 ದಿನ ಬೇಕು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಮಾತು. ಮಧ್ಯೆ ಒಂದು ದಿನ ತಪ್ಪಿದರೆ ರೂಢಿ ಹಾಳಾಗಲ್ಲ. ನನ್ನನ್ನು ಕೆಡಿಸಿದ್ದು ತಪ್ಪಿದ ಹನ್ನೆರಡನೇ ದಿನ ಅಲ್ಲವೇ ಅಲ್ಲ, 'ತಪ್ಪೋಯ್ತಲ್ಲ' ಅಂತ ಬಿಟ್ಟುಬಿಟ್ಟ ಆಮೇಲಿನ ದಿನಗಳು.

ಹಾಗಾಗಿ ಈ ಸಲ ಸಣ್ಣದಾಗಿ ಶುರು ಮಾಡಿದೆ. ಬುಲೆಟಿನ್ ಮುಗಿದ ತಕ್ಷಣ, ಮೇಕಪ್ ಒರೆಸೋದಕ್ಕೂ ಮುಂಚೆ, ಇಪ್ಪತ್ತು ನಿಮಿಷ ನಡಿಗೆ. ಫೋನ್ ಬಂದರೆ ಎದ್ದು ನಿಂತು ಮಾತು. ಮೂರನೇ ಮಹಡಿಗೆ ಲಿಫ್ಟ್ ಇಲ್ಲ. ವಾರಕ್ಕೆರಡು ದಿನ ಮನೆಯಲ್ಲೇ ದಂಡ, ಬಸ್ಕಿ. ಒಂದು ದಿನ ತಪ್ಪಿದರೆ ಬೈದುಕೊಳ್ಳಲ್ಲ, ಸತತ ಎರಡು ದಿನ ತಪ್ಪಿಸಲ್ಲ. ಅಷ್ಟೇ ನನ್ನ ಸಂವಿಧಾನ. ಏಳು ತಿಂಗಳಾಯಿತು. ನನ್ನ ತೂಕ ಎಷ್ಟು ಇಳೀತು ಅಂತ ಕೇಳಬೇಡಿ, ಬಹಳ ಇಳಿದಿಲ್ಲ. ಆದರೆ ಸಕ್ಕರೆ ಹೊಸ್ತಿಲಿಂದ ಹಿಂದೆ ಸರಿದಿದೆ.

ನಮ್ಮೂರಿನ ಹುಡುಗರಿಗೆ ಒಂದು ಮಾತು. ಇವತ್ತು ಗುಂಡ್ಲುಪೇಟೆಯಲ್ಲೂ ಟೀ ಕುಡಿಯೋಕೆ ಇನ್ನೂರು ಮೀಟರ್ ಬೈಕಿನಲ್ಲಿ ಹೋಗೋದನ್ನ ನೋಡ್ತೀನಿ. ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಉಘೇ ಉಘೇ ಅಂತ ಕಾಲ್ನಡಿಗೆಯಲ್ಲಿ ಹೋಗುವ ನೆಲ ನಮ್ಮದು. ಮಾದಪ್ಪನಿಗೆ ವರ್ಷಕ್ಕೊಮ್ಮೆ ಕೊಡೋ ಕಾಲನ್ನು ನಮಗೆ ನಾವು ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟುಕೊಳ್ಳೋಕಾಗಲ್ವಾ? ತಡ ಆಯ್ತು ಅಂತೀರಾ? 1929ರಲ್ಲಿ ಹುಟ್ಟಿದ ರಾಜಣ್ಣ 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಸ್ವತಃ ಯೋಗಾಸನ ಮಾಡಿ ತೋರಿಸಿದರು. ವಯಸ್ಸು ನೀವೇ ಲೆಕ್ಕ ಹಾಕಿ.

ಮೊನ್ನೆ ಮತ್ತೆ ಬೆಟ್ಟಕ್ಕೆ ಹೋಗಿದ್ದೆ. ಈ ಸಲವೂ ಅಪ್ಪನೇ ಮುಂದೆ. ಆದರೆ ಮಧ್ಯೆ ನಾನು ನಿಲ್ಲಲಿಲ್ಲ. ಮೇಲೆ ಹೋದ ಮೇಲೆ ಅಪ್ಪ ಏನೂ ಹೇಳಲಿಲ್ಲ, ಪ್ರಸಾದದ ದೊನ್ನೆ ಕೈಗಿಟ್ಟರು.

ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತೆ ಅಂತಾರಲ್ಲ, ನನಗಂತೂ ಹೋಗಿದ್ದು ಒಳ್ಳೇದೇ ಆಯಿತು. ನೀವೂ ಎದ್ದು ನಿಲ್ಲಿ ವೀಕ್ಷಕರೇ, ಈಗಲೇ. ಮುಂದಿನ ಸುದ್ದಿಯನ್ನು ನಿಂತುಕೊಂಡೂ ನೋಡಬಹುದು.