ಕತ್ತಲಲ್ಲಿ ಬೇಟೆಗೆ ಹೊರಡುವ ಕೆಂಪು ಮೀನು

ಮಲ್ಪೆಯಲ್ಲೋ ಮಂಗಳೂರಿನಲ್ಲೋ ಟ್ರಾಲ್ ದೋಣಿಗಳು ಮೀನು ಇಳಿಸುವುದನ್ನು ನೋಡುವ ಅವಕಾಶ ಸಿಕ್ಕರೆ ಬುಟ್ಟಿಗಳ ಮೇಲೆ ಒಂದು ಕಣ್ಣಿಟ್ಟಿರಿ, ಮಕ್ಕಳೇ. ಬೂದು, ಬೆಳ್ಳಿ ಬಣ್ಣದ ಮೀನುಗಳ ನಡುವೆ ಕೆಲವೊಮ್ಮೆ ಮೈಯೆಲ್ಲ ಕೆಂಪಾದ, ತಲೆಗಿಂತ ಕಣ್ಣೇ ಮೊದಲು ಕಾಣುವ ಮೀನೊಂದು ಸಿಗುತ್ತದೆ. ಡಿಸ್ಕೊ ಮೀನು ಎನ್ನುವವರೂ ಇದ್ದಾರೆ. ವಿಜ್ಞಾನಿಗಳು ಇಟ್ಟಿರುವ ಹೆಸರು ಪ್ರಿಯಾಕ್ಯಾಂತಸ್ ಹ್ಯಾಮ್ರೂರ್. ನಾವು ದೊಡ್ಡಗಣ್ಣ ಎಂದು ಕರೆಯೋಣ.

ಕೆಂಪು ಸಮುದ್ರದಿಂದ ಹಿಡಿದು ನಮ್ಮ ಅರಬ್ಬಿ ಸಮುದ್ರ, ಲಕ್ಷದ್ವೀಪಗಳನ್ನು ದಾಟಿ ಪೆಸಿಫಿಕ್ ಸಾಗರದ ನಡುಗಡ್ಡೆಗಳವರೆಗೂ ಇದು ಇದೆ. ಹವಳದ ದಿಬ್ಬಗಳು ಆಳಕ್ಕೆ ಇಳಿಯುವ ಇಳಿಜಾರು ಇದಕ್ಕೆ ಇಷ್ಟದ ಜಾಗ. 10 ಮೀಟರ್ ಆಳದಲ್ಲೂ ಸಿಗುತ್ತದೆ, 200 ಮೀಟರ್ ಆಳದಲ್ಲೂ ಸಿಗುತ್ತದೆ. ಉದ್ದ ಹೆಚ್ಚೆಂದರೆ 45 ಸೆಂಟಿಮೀಟರ್.

ಕೈಯಲ್ಲಿ ಹಿಡಿದು ನೋಡಿದರೆ ಮೈ ಚಪ್ಪಟೆ, ಹುರುಪೆ ಬಲು ಚಿಕ್ಕವು, ಮುಟ್ಟಿದರೆ ತರಿತರಿ. ಕೆಳದವಡೆ ಮೇಲ್ದವಡೆಗಿಂತ ಮುಂದೆ ಚಾಚಿರುವುದರಿಂದ ಬಾಯಿ ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ. ಬಾಲದ ತುದಿ ಬಿದಿಗೆ ಚಂದ್ರನ ಹಾಗೆ ಒಳಕ್ಕೆ ಬಾಗಿದೆ. ಹೊಟ್ಟೆಯ ಕೆಳಗಿನ ಅಗಲವಾದ ಈಜುರೆಕ್ಕೆಗಳು ತೆಳುಪೊರೆಯೊಂದರಿಂದ ಹೊಟ್ಟೆಗೇ ಅಂಟಿಕೊಂಡಿರುತ್ತವೆ. ಈ ಕುಟುಂಬದ ಮೀನುಗಳನ್ನು ಗುರುತಿಸಲು ಇದೊಂದು ಒಳ್ಳೆಯ ಕುರುಹು.

ಹಗಲಿಡೀ ದೊಡ್ಡಗಣ್ಣ ಬಂಡೆಯ ಚಾಚಿನ ಕೆಳಗೋ ಗುಹೆಯ ಬಾಯಲ್ಲೋ ಅಲುಗಾಡದೆ ನಿಂತಿರುತ್ತದೆ. ಒಂಟಿಯಾಗಿ ಇರುವುದೂ ಉಂಟು, ಗುಂಪಾಗಿ ಇರುವುದೂ ಉಂಟು. ಸಂಜೆ ಗಿಳಿಮೀನಿನಂಥ ಹಗಲು ಮೀನುಗಳು ನಿದ್ದೆಗೆಂದು ಬಿರುಕುಗಳಿಗೆ ನುಸುಳುವ ಹೊತ್ತಿಗೆ ಇದು ಹೊರಡುತ್ತದೆ. ರಾತ್ರಿಯಾದ ಮೇಲೆ ಆಳದಿಂದಲೂ ಹವಳದ ಸಂದಿಗಳಿಂದಲೂ ಸಣ್ಣ ಸಿಗಡಿಗಳು, ಏಡಿಮರಿಗಳು ನೀರಿನೊಳಗೆ ಮೇಲೇಳುತ್ತವೆ. ಅವೇ ಇದರ ಊಟ. ಜತೆಗೆ ಪುಟ್ಟ ಮೀನುಗಳು.

ಅಷ್ಟು ಕತ್ತಲಲ್ಲಿ ಅವು ಕಾಣುವುದಾದರೂ ಹೇಗೆ? ಕಣ್ಣು ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಆ ಕಣ್ಣಿನ ಹಿಂಭಾಗದಲ್ಲಿ, ಬೆಳಕನ್ನು ಗ್ರಹಿಸುವ ಪದರದ ಹಿಂದೆ, ಹೊಳೆಯುವ ಇನ್ನೊಂದು ಪದರವಿದೆ. ಮೊದಲ ಸಲ ಗ್ರಹಿಕೆಗೆ ಸಿಗದೆ ದಾಟಿಹೋದ ಬೆಳಕನ್ನು ಅದು ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಅದೇ ಬೆಳಕನ್ನು ಹಿಡಿಯಲು ಕಣ್ಣಿಗೆ ಎರಡನೆಯ ಅವಕಾಶ ಸಿಗುತ್ತದೆ. ರಾತ್ರಿ ಬೆಕ್ಕಿನ ಕಣ್ಣು ಮಿನುಗುವುದಕ್ಕೂ ಇಂಥ ಪದರವೇ ಕಾರಣ. ನೀರಿನೊಳಗೆ ಟಾರ್ಚ್ ಹಾಕಿದಾಗ ದೊಡ್ಡಗಣ್ಣನ ಕಣ್ಣೂ ಕೆಂಡದಂತೆ ಹೊಳೆಯುತ್ತದೆ.

ಈಗ ಬಣ್ಣದ ವಿಷಯ. ನನಗೆ ಈ ಮೀನಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಅಡಗಿ ಬಾಳಬೇಕಾದ ಜೀವಿ ಇಷ್ಟು ಎದ್ದು ಕಾಣುವ ಕೆಂಪು ಬಣ್ಣ ತೊಟ್ಟರೆ ಹೇಗೆ ಎಂದು ನೀವು ಕೇಳಬಹುದು. ಎದ್ದು ಕಾಣುವುದು ನೀರಿನ ಹೊರಗೆ ಮಾತ್ರ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆಯಷ್ಟೆ. ಸಮುದ್ರದ ನೀರು ಅವುಗಳಲ್ಲಿ ಕೆಂಪನ್ನೇ ಮೊದಲು ಹೀರಿಕೊಳ್ಳುತ್ತದೆ. 10 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬೆಳಕು ಹೆಚ್ಚುಕಡಿಮೆ ಮುಗಿದೇಹೋಗಿ ನೀಲಿ, ಹಸಿರು ಉಳಿಯುತ್ತವೆ. ಕೆಂಪು ವಸ್ತು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಕೆಂಪು ಬೆಳಕು ಬೀಳಬೇಕು. ಬೀಳದಿದ್ದರೆ ಅದು ಕಪ್ಪೇ. ಆದ್ದರಿಂದ ಆಳದಲ್ಲಿ ದೊಡ್ಡಗಣ್ಣ ಬರಿಯ ನೆರಳು. ಲಕ್ಷದ್ವೀಪದ ಹವಳಗಳಲ್ಲಿ ಇರುವ ಸೈನಿಕ ಮೀನುಗಳು ಬೇರೆಯೇ ಕುಟುಂಬದವು. ಅವೂ ರಾತ್ರಿಸಂಚಾರಿಗಳು, ಅವಕ್ಕೂ ದೊಡ್ಡ ಕಣ್ಣು, ಕೆಂಪು ಮೈ!

ಇಷ್ಟೂ ಸಾಲದೆಂಬಂತೆ ದೊಡ್ಡಗಣ್ಣ ಬಣ್ಣ ಬದಲಿಸಲೂ ಬಲ್ಲದು. ಚರ್ಮದ ಕೋಶಗಳಲ್ಲಿರುವ ಬಣ್ಣದ ಕಣಗಳು ಹರಡಿಕೊಂಡರೆ ಮೈ ಕೆಂಪು. ಅವು ಒಂದೆಡೆ ಮುದುಡಿದರೆ ಬೆಳ್ಳಿ. ಕೆಲವೊಮ್ಮೆ ಬೆಳ್ಳಿಯ ಮೇಲೆ ಕೆಂಪು ಪಟ್ಟೆಗಳು ಮೂಡುತ್ತವೆ.

ಈ ಮೀನನ್ನು ಮೊದಲು ವಿವರಿಸಿದವನು ಪೀಟರ್ ಫೋರ್ಸ್ಕೋಲ್ ಎಂಬ ಸ್ವೀಡನ್ ದೇಶದ ತರುಣ. ಡೆನ್ಮಾರ್ಕಿನ ದೊರೆ ಅರೇಬಿಯಾಕ್ಕೆ ಕಳಿಸಿದ ಆರು ಜನರ ತಂಡದಲ್ಲಿ ಅವನಿದ್ದ. 1763ರಲ್ಲಿ ಯೆಮನ್ನಿನಲ್ಲಿ ಮಲೇರಿಯಾದಿಂದ ತೀರಿಕೊಂಡ. ತಂಡದಲ್ಲಿ ಬದುಕಿ ಊರು ಸೇರಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಜೋಪಾನವಾಗಿ ತಂದು 1775ರಲ್ಲಿ ಅಚ್ಚು ಹಾಕಿಸಿದ. ಇಂದಿಗೂ ವಿಜ್ಞಾನಿಗಳು ಈ ಮೀನಿನ ಹೆಸರನ್ನು ಆ ಪುಸ್ತಕದಿಂದಲೇ ಎಣಿಸುತ್ತಾರೆ.

ಕೆಂಪು ಕಪ್ಪಾಗುವುದನ್ನು ಮನೆಯಲ್ಲೇ ನೋಡಬಹುದು. ರಾತ್ರಿ ಅಡುಗೆಮನೆಯಿಂದ ಹಣ್ಣಾದ ಟೊಮೆಟೊ ಒಂದು, ಬೆಳ್ಳುಳ್ಳಿ ಗಡ್ಡೆ ಒಂದು ತೆಗೆದುಕೊಳ್ಳಿ. ಮೊಬೈಲಿನ ಪರದೆಯ ತುಂಬ ಅಚ್ಚ ನೀಲಿ ಬಣ್ಣದ ಚಿತ್ರ ಬರುವಂತೆ ಮಾಡಿ, ಕೋಣೆಯ ದೀಪ ಆರಿಸಿ, ಆ ನೀಲಿ ಬೆಳಕನ್ನು ಎರಡರ ಮೇಲೂ ಹಿಡಿಯಿರಿ. ಬೆಳ್ಳುಳ್ಳಿ ನೀಲಿಯಾಗಿ ಬೆಳಗುತ್ತದೆ. ಟೊಮೆಟೊ ಹೇಗೆ ಕಾಣುತ್ತದೆ ಎಂಬುದನ್ನು ಮನೆಮಂದಿಯಿಂದಲೇ ಹೇಳಿಸಿ, ಆಮೇಲೆ ಕಾರಣವನ್ನು ನೀವೇ ಅವರಿಗೆ ವಿವರಿಸಿ.